ನಾಲ್ಕೂವರೆ ಬಾಟಲಿ

"ಏಯ್ ಏಳನೇ ಕ್ಲಾಸು, ನಿಂಗೆ ಗೊತ್ತಾಯ್ತಾ? ನಿಮ್ಮಕ್ಕ ಹೆಬ್ಬೆಟ್ಟು ಒತ್ತಿಬಿಟ್ಟಿದಾಳಂತೆ ಕಣೇ! ತಪ್ಪೆಲ್ಲಾ ನಂದೇ ಅಂತ!"

ತಂಗಿಯ ಎರಡೂ ಕೈಯಲ್ಲಿ ಬಾಟಲಿಗಳಿದ್ದವು. ಒಂದು ಜಾರಿ ತೊಟ್ಟಿಯ ತಳ ಸೇರಿತು.

"ಯಾರಂದ್ರು?"

"ಆಫೀಸು ಗುಡಿಸೋಳು. ಶನಿವಾರ ನಮ್ಮ ಸೂಪರ್‌ವೈಸರ್ ಸಾಹೇಬ್ರು ಆಸ್ಪತ್ರೆಗೆ ಹೋಗಿದ್ರಂತೆ. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಶಾಯಿ ಡಬ್ಬಿ."

"ಅಕ್ಕನ ಕಣ್ಣಿಗೆ ಪಟ್ಟಿ ಕಟ್ಟಿದಾರೆ. ಏನು ನೋಡಿ ಒತ್ತಿದ್ಲು?"

"ಕಣ್ಣು ಬಿಟ್ಕೊಂಡಿದ್ದಾಗ ಮಾತ್ರ ಏನು ಮಹಾ ಓದ್ತಿದ್ಲು ಬಿಡು" ಅಂದುಬಿಟ್ಟಳು ಪಕ್ಕದ ತೊಟ್ಟಿಯವಳು, ಎತ್ತರದ ಆಳು ಅಂತ ಎಲ್ಲರೂ 'ಉದ್ದಕ್ಕ' ಅನ್ನುವವಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. ಬಾಯಿ ತೆರೆದರೆ ತಮಾಷೆ ಮಾಡುವುದು ಅವಳ ಅಭ್ಯಾಸ. ಈ ಸಲ ಯಾರೂ ನಗಲಿಲ್ಲ. ಆರು ತೊಟ್ಟಿಗಳಲ್ಲಿ ಬ್ರಷ್ಷಿನ ಸದ್ದು ನಿಂತಿತು.

ತಂಗಿ ತಳದ ಬಾಟಲಿಯನ್ನು ಹುಡುಕಿ ತೆಗೆದಳು. ಉಜ್ಜಿದಳು. ಪಕ್ಕದ ಬುಟ್ಟಿಗಿಟ್ಟಳು. ಮತ್ತೊಂದು ತೆಗೆದುಕೊಂಡಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ತಲೆ ಮಾತ್ರ ಶನಿವಾರ ಸಂಜೆಗೆ ಹೋಗಿತ್ತು. ಅವತ್ತು ಅಕ್ಕನ ಮಂಚದ ಕೆಳಗೆ ಹಣ್ಣಿನ ಚೀಲ ಇತ್ತು. ಯಾರು ತಂದಿದ್ದು ಅಂತ ಕೇಳಿದ್ದಳು. ಪಕ್ಕದ ಮಂಚದವರು ಕೊಟ್ಟರು ಅಂದಿದ್ದಳು ಅಕ್ಕ. ತಂಗಿ ಎರಡು ಹಣ್ಣು ತಿಂದಿದ್ದಳು ಕೂಡ.

ಅದು ಬಾಟಲಿ ತೊಳೆಯುವ ಶೆಡ್ಡು. ತಗಡಿನ ಚಾವಣಿ, ಸಿಮೆಂಟು ನೆಲ. ಊರಿಡೀ ಕುಡಿದು, ತಿಂದು, ಹಚ್ಚಿಕೊಂಡು ಬಿಸಾಕಿದ ಬಾಟಲಿಗಳೆಲ್ಲ ಲಾರಿ ತುಂಬಿ ಇಲ್ಲಿಗೆ ಬರುತ್ತವೆ. ಎಣ್ಣೆಯವು, ಔಷಧದವು, ಷರಬತ್ತಿನವು, ಇಲಿ ಸತ್ತು ಬಿದ್ದವು. ಹನ್ನೆರಡು ಹೆಂಗಸರು ಅವನ್ನು ಕಾಸ್ಟಿಕ್ ಸೋಡಾ ಕಲಸಿದ ನೀರಲ್ಲಿ ಅದ್ದಿ, ಉಜ್ಜಿ, ಅಲಸಿ, ಫಳಫಳ ಮಾಡಿ ಕಳಿಸುತ್ತಾರೆ. ಆ ಕಾಸ್ಟಿಕ್ಕಿಗೆ ಶೆಡ್ಡಿನವರ ಬಾಯಲ್ಲಿ 'ಔಷಧಿ' ಅಂತ ಹೆಸರು. ಯಾರ ಕಾಯಿಲೆಗೆ ಔಷಧಿಯೋ ದೇವರಿಗೇ ಗೊತ್ತು. ಕೈಗೆ ಗ್ಲೌಸು ಕೊಟ್ಟಿದ್ದರು, ಎಲ್ಲವೂ ಗಂಡಸರ ಅಳತೆಯವು. ಬಗ್ಗಿದರೆ ನೀರು ಒಳಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಬರಿಗೈಯೇ ವಾಸಿ ಅಂತ ಎಲ್ಲರೂ ಬಿಚ್ಚಿಟ್ಟಿದ್ದರು.

ಆಫೀಸಿನವರಿಗೆ ಇವರ ಹೆಸರು ಬೇಕಿರಲಿಲ್ಲ. "ಮೂರನೇ ತೊಟ್ಟಿ, ಮಾತು ಕಡಿಮೆ ಮಾಡು." "ಐದನೇ ತೊಟ್ಟಿ, ನಿನ್ನೆ ಯಾಕೆ ಬರಲಿಲ್ಲ?" ಒಟ್ಟಾಗಿ ಕರೆಯುವಾಗ "ಬಾಟಲಿಯವರು". ಬಾಟಲಿಯವರು ಮುಂದಿನ ಗೇಟಿನಲ್ಲಿ ಬರುವಂತಿಲ್ಲ. ಬಾಟಲಿಯವರು ಆಫೀಸಿನ ನಲ್ಲಿ ಮುಟ್ಟುವಂತಿಲ್ಲ, ವಾಸನೆ.

ಅಕ್ಕ ತಂಗಿ ಎರಡನೇ ತೊಟ್ಟಿ. ಅಕ್ಕನದು ಹದಿನಾಲ್ಕು ವರ್ಷದ ಸರ್ವೀಸು. ದಿನಾ ಬೆಳಿಗ್ಗೆ ಆರೂ ತೊಟ್ಟಿಗೆ ಔಷಧಿ ಕಲಸುವವಳೂ ಅವಳೇ. ಒಂದೊಂದು ತೊಟ್ಟಿ ಅರವತ್ತು ಲೀಟರು, ತೊಟ್ಟಿಗೆ ಲೀಟರ್ ಮಗ್ಗಿನಲ್ಲಿ ಒಂದು ಮಗ್ ಔಷಧಿ. ಕಲಸಿ, ಎರಡು ಬೆರಳ ನಡುವೆ ನೀರು ಉಜ್ಜಿ ನೋಡಿ, "ಹ್ಞೂಂ, ಆಯ್ತು" ಅನ್ನುತ್ತಿದ್ದಳು. ಅಕ್ಕ ಓದಿದವಳಲ್ಲ. ತಂಗಿ ಏಳನೇ ಕ್ಲಾಸು ಪಾಸು. ಆ ಪಾಸು ಅಕ್ಕನ ಕೈಯ ದುಡಿಮೆ. ಶೆಡ್ಡಿನಲ್ಲಿ ಅದು ತಂಗಿಗೆ ಹೆಸರೇ ಆಗಿಹೋಗಿತ್ತು.

ಈ ತಿಂಗಳ ಮೊದಲ ವಾರ ಹೊಸ ಕ್ಯಾನುಗಳು ಬಂದವು. ಬೇರೆ ದೇಶದ್ದೋ ಏನೋ, ಮೇಲೆ ಬರೀ ಇಂಗ್ಲಿಷು. ಹಳೆಯದರಲ್ಲಿ ಲೀಟರಿಗೆ ಇಷ್ಟು ಅಂತ ಇರುತ್ತಿತ್ತು. ಇದರಲ್ಲಿ ಒಂದು ಗ್ಯಾಲನ್ ನೀರಿಗೆ ಎರಡು ಔನ್ಸ್ ಅಂತ ಇತ್ತು. ಸೂಪರ್‌ವೈಸರ್ ಕ್ಯಾನಿನ ಮುಂದೆ ನಿಂತು ಗಲ್ಲ ಕೆರೆದುಕೊಂಡ. ಫೋನು ತೆಗೆದ. ಒತ್ತಿದ. ಮುಖ ಅರಳಿತು.

"ಎರಡು ಔನ್ಸ್ ಅಂದ್ರೆ ಐವತ್ತೇಳು ಮಿಲಿ."

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಲೀಟರಿಗೆ 57. ಅದನ್ನು ಅರವತ್ತರಿಂದ ಗುಣಿಸಿದ. "ತೊಟ್ಟಿಗೆ ಮೂರೂವರೆ ಮಗ್. ಗೊತ್ತಾಯ್ತಾ ಎರಡನೇ ತೊಟ್ಟಿ?"

ಅಕ್ಕ ಮಗ್ ಹಿಡಿದು ನಿಂತೇ ಇದ್ದಳು. "ಸಾರ್, ಇಷ್ಟೊಂದಾ? ಒಂದೇ ಮಗ್ ಅಲ್ವಾ ಯಾವಾಗ್ಲೂ?"

"ಅದು ಬೇರೆ ಕಂಪನಿ, ಇದು ಬೇರೆ ಕಂಪನಿ. ಇದು ತೆಳು ಇರುತ್ತೆ."

"ಬೆರಳಿಗೆ ತೆಳು ಅನ್ನಿಸ್ತಿಲ್ಲ ಸಾರ್."

"ಲೆಕ್ಕ ಮಾಡಿದ್ದು ನಾನಲ್ಲ, ಫೋನು. ಫೋನಿಗಿಂತ ಜಾಣೆ ನೀನು?"

ಹಿಂದೆ ನಿಂತಿದ್ದ ಇಬ್ಬರು ಲೋಡಿಂಗಿನವರು ನಕ್ಕರು. ಅಕ್ಕ ತಲೆ ತಗ್ಗಿಸಿದಳು. ಸುರಿದಳು. ಒಂದು. ಎರಡು. ಮೂರು. ಅರ್ಧ.

ಮೊದಲ ದಿನ ಬೆರಳ ತುದಿ ಚುರುಗುಟ್ಟಿತು. ಎರಡನೇ ದಿನ ಉಗುರಿನ ಸುತ್ತ ಚರ್ಮ ಬಿಳುಚಿ ಎದ್ದಿತು. ಮೂರನೇ ದಿನ ಉದ್ದಕ್ಕ ಊಟದ ಡಬ್ಬಿ ಮುಚ್ಚಳ ತೆಗೆಯಲಾರದೆ ಹಲ್ಲಲ್ಲಿ ತೆಗೆದಳು. ಅನ್ನಕ್ಕೆ ಕೈ ಹಾಕಿದರೆ ಉರಿ, ಬಾಚಣಿಗೆ ಹಿಡಿದರೆ ಉರಿ, ಮಲಗಿದರೆ ಹೊದಿಕೆ ತಾಗಿ ಉರಿ. ಅಕ್ಕ ಎರಡು ಸಲ ಆಫೀಸಿಗೆ ಹೋಗಿ ಬಾಗಿಲಾಚೆ ನಿಂತು ಹೇಳಿದಳು. "ಸಾರ್, ಜಾಸ್ತಿ ಆಗಿದೆ. ನೀರು ತುಂಬಾ ಜಾರ್ತಿದೆ. ನಂಗೆ ಗೊತ್ತಾಗುತ್ತೆ." ಮೊದಲ ಸಲ ಅವನು ತಲೆ ಎತ್ತಲಿಲ್ಲ. ಎರಡನೇ ಸಲ ಎತ್ತಿದ. "ಕೆಲಸ ಬೇಡ್ವಾ ನಿಂಗೆ?"

ಆರನೇ ದಿನ ಷರಬತ್ತಿನ ದಪ್ಪ ಬಾಟಲಿಯೊಂದು ಅಕ್ಕನ ಕೈಯಿಂದ ಜಾರಿತು. ಬೆರಳಿನ ಚರ್ಮವೇ ಇಲ್ಲದ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಅದು ಮೇಲಿಂದ ಬಿದ್ದ ರಭಸಕ್ಕೆ ತೊಟ್ಟಿಯ ನೀರು ಎಗರಿ ಅವಳ ಮುಖಕ್ಕೆ ಬಡಿಯಿತು. ಅಕ್ಕ ಕಿರುಚಿಕೊಳ್ಳಲಿಲ್ಲ. "ಅಯ್ಯೋ, ನೀರು, ನೀರು" ಅಂತ ಮೆಲ್ಲಗೆ ಅಂದಳು, ಯಾರಿಗೋ ತೊಂದರೆ ಕೊಡುತ್ತಿರುವ ಹಾಗೆ. ಶೆಡ್ಡಿನ ನಲ್ಲಿಯಲ್ಲಿ ಬೆಳಿಗ್ಗೆ ತೊಟ್ಟಿ ತುಂಬುವಾಗ ಮಾತ್ರ ನೀರು. ಗಾಬರಿಯಲ್ಲಿ ಯಾರೋ ಅಲಸುವ ತೊಟ್ಟಿಯ ನೀರನ್ನೇ ಎರಚಿದರು. ಅದರಲ್ಲೂ ಔಷಧಿ ಇತ್ತು. ತಂಗಿ ಅಕ್ಕನನ್ನು ತಬ್ಬಿಕೊಂಡು ಆಫೀಸಿನ ನಲ್ಲಿಗೆ ಓಡಿದಳು. ವಾಚ್‌ಮನ್ ಕೈ ಅಡ್ಡ ಹಿಡಿದ.

"ಬಾಟಲಿಯವರು ಆ ಕಡೆ."

"ಕಣ್ಣಣ್ಣಾ, ಕಣ್ಣು!"

"ಕೇಳ್ಕೊಂಡು ಬರ್ತೀನಿ ಇರು."

ಅವನು ಕೇಳಿಕೊಂಡು ಬರಲು ಹೋದ. ಬಂದ. ಅಷ್ಟರಲ್ಲಿ ಎಷ್ಟು ಹೊತ್ತಾಯಿತೋ ತಂಗಿಗೆ ಗೊತ್ತಿಲ್ಲ. ಎರಡೂ ಕಣ್ಣು ಹೋಗಿದೆ ಅಂತ ಡಾಕ್ಟರು ಮೂರನೇ ದಿನ ಅಕ್ಕನ ಎದುರೇ ಹೇಳಿದರು. ಅಕ್ಕ ಕೇಳಿಸಿಕೊಂಡು, "ಸರಿ ಡಾಕ್ಟ್ರೇ" ಅಂದಳು.

ಅನಾಹುತ ಆದ ಮಾರನೇ ಬೆಳಿಗ್ಗೆ ಗೋಡೆಯ ಮೇಲಿನ ಐವತ್ತೇಳು ಅಳಿಸಿತ್ತು. ಅಲ್ಲಿ ಹನ್ನೆರಡು ಅಂತ ಬರೆದಿತ್ತು. ತೊಟ್ಟಿಗೆ ಮುಕ್ಕಾಲು ಮಗ್ ಅಂತ ಆಯಿತು. ನಾಲ್ಕು ದಿನದಲ್ಲಿ ಎಲ್ಲರ ಕೈ ತಣ್ಣಗಾಯಿತು.

*

ಸೋಮವಾರ ಸಂಜೆ ತಂಗಿ ಆಸ್ಪತ್ರೆಗೆ ಹೋದಾಗ ಅಕ್ಕ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮುಖದ ಅರ್ಧ ಬಿಳಿ ಪಟ್ಟಿ. ಹೆಜ್ಜೆ ಸದ್ದಿಗೇ ತಲೆ ತಿರುಗಿಸಿದಳು.

"ಬಂದ್ಯಾ? ಏನಾದ್ರೂ ತಿಂದ್ಯಾ?"

"ಯಾಕೆ ಒತ್ತಿದೆ?"

ಅಕ್ಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಶಾಯಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ನಿನ್ನ ಕೆಲಸ ಉಳಿಸ್ತೀನಿ ಅಂದ್ರು."

"ನನ್ನ ಕೆಲಸಕ್ಕೆ ಬೆಂಕಿ ಬೀಳಲಿ! ಮಾಡದ ತಪ್ಪನ್ನ ಮಾಡಿದೀನಿ ಅಂತ ಒತ್ತಿ ಕೊಡ್ತಾರಾ ಯಾರಾದ್ರೂ? ಅವನು ನಿನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದ, ನೀನು ತಲೆ ಕೊಟ್ಟೆ."

"ಮಾಡದ ತಪ್ಪು ಅಂತ ನಿಂಗೆ ಹೇಗೆ ಗೊತ್ತೇ?" ಅಕ್ಕನ ದನಿ ತೀರಾ ಸಣ್ಣಗಿತ್ತು. "ಸುರಿದಿದ್ದು ಈ ಕೈ ತಾನೇ? ಆರು ತೊಟ್ಟಿ, ಒಂದೊಂದಕ್ಕೆ ಮೂರೂವರೆ. ನಡುವೆ ನೀವೆಲ್ಲ ಮಾತಾಡಿಸ್ತೀರಿ, ನಾನೂ ಮಾತಾಡ್ತೀನಿ. ಐದು ಹಾಕಿದ್ನೋ ಆರು ಹಾಕಿದ್ನೋ. ಇಲ್ಲಿ ಕತ್ತಲಲ್ಲಿ ಕೂತು ಕೂತು ಲೆಕ್ಕ ಹಾಕ್ತೀನಿ, ಒಂದ್ಸಲ ಮೂರೂವರೆ ಅನ್ಸುತ್ತೆ, ಒಂದ್ಸಲ ಆರು ಅನ್ಸುತ್ತೆ. ಸೂಪರ್‌ವೈಸರ್ ಸಾರ್ ಮೆತ್ತಗೇ ಹೇಳಿದ್ರು. ಫೋನಿನ ಲೆಕ್ಕ ತಪ್ಪಲ್ಲಮ್ಮ, ಕೈ ಲೆಕ್ಕ ತಪ್ಪುತ್ತೆ ಅಂದ್ರು. ಹೌದಲ್ವಾ?"

ಹೆದರಿಸಿ ಒತ್ತಿಸಿದ್ದಾರೆ ಅಂದುಕೊಂಡು ಬಂದಿದ್ದಳು ತಂಗಿ. ಹೆದರಿಸಿದ್ದರೆ ಬೈಯಬಹುದಿತ್ತು. ಇದು ಹಾಗಲ್ಲ. ಅಕ್ಕ ನಂಬಿಬಿಟ್ಟಿದ್ದಾಳೆ.

"ಉದ್ದಕ್ಕನ ಕೈ ಹೇಗಿದೆಯೇ?"

"ಪರವಾಗಿಲ್ಲ."

"ಐದನೇ ತೊಟ್ಟಿ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವಳ ಕೈ?"

"ವಾಸಿಯಾಗಿದೆ."

"ನಿಂದು? ಕೊಡು ಇಲ್ಲಿ."

ಅಕ್ಕ ತಂಗಿಯ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಉಗುರಿನ ಪಕ್ಕ ಒಣಗಿದ ಹಕ್ಕಳೆ ಸಿಕ್ಕಿತು. ಅಲ್ಲೇ ನಿಂತಳು.

"ನನ್ನ ಕಣ್ಣು ಹೋದ್ರೆ ಹೋಗ್ಲಿ. ಹನ್ನೆರಡು ಜನರ ಕೈ ಸುಟ್ಟೆನಲ್ಲೇ. ಅದಕ್ಕಾದ್ರೂ ಒತ್ತಬೇಕಿತ್ತು ನಾನು."

*

ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತಂಗಿ ಕ್ಯಾನಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಎರಡು ಔನ್ಸ್. ಪರ್. ಗ್ಯಾಲನ್.

"ಉದ್ದಕ್ಕಾ, ಗ್ಯಾಲನ್ ಅಂದ್ರೆ ಏನು?"

"ನನ್ನ ಕೇಳ್ತೀಯಲ್ಲೇ, ಏಳು ಕ್ಲಾಸು ಓದಿದೋಳು ನೀನು. ಗ್ಯಾಲನ್ನು ಅಂದ್ರೆ... ಆ ಲಾರಿ ಡ್ರೈವರು ಹಿಡಿಕೆ ಜಾಡಿಗೆ ಅನ್ನಲ್ವಾ? ಗ್ಯಾಲನ್ ಜಾಡಿ ಹತ್ತು ಇಳಿಸಿ ಅಂತ."

ಹಿಡಿಕೆ ಜಾಡಿ! ತಿಂಗಳಿಗೊಮ್ಮೆ ಬರುವ ದೊಡ್ಡ ಗಾಜಿನ ಜಾಡಿ ಅದು. ಕತ್ತಿನ ಹತ್ತಿರ ಬೆರಳು ತೂರಿಸಲು ಒಂದು ಉಂಗುರ. ತೊಳೆಯುವಾಗ ತಳದ ಉಬ್ಬು ಅಕ್ಷರ ಅಂಗೈಗೆ ಒತ್ತುತ್ತಿತ್ತು. ಎಷ್ಟು ಸಲ ಆ ಅಕ್ಷರಗಳ ಸಂದಿಯಿಂದ ಕೊಳೆ ಕೆರೆದಿಲ್ಲ! ತಂಗಿ ಮೂಲೆಯ ರಾಶಿಯಿಂದ ಒಂದನ್ನು ಎಳೆದು ತಲೆಕೆಳಗೆ ಮಾಡಿದಳು. ಕ್ಯಾನಿನ ಹತ್ತಿರ ಒಯ್ದಳು. ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ಅವೇ. ಒಂದು ಗ್ಯಾಲನ್.

ಪಕ್ಕದಲ್ಲಿ ಒಂದು ಲೀಟರಿನ ಬಾಟಲಿ ನಿಂತಿತ್ತು. ಜಾಡಿಯ ಪಕ್ಕ ಅದು ಆನೆಯ ಪಕ್ಕ ನಿಂತ ಕುರಿಮರಿಯ ಹಾಗೆ ಕಾಣುತ್ತಿತ್ತು.

ತಂಗಿ ಆ ಬಾಟಲಿ ಹಿಡಿದು ಅಲಸುವ ತೊಟ್ಟಿಯ ಹತ್ತಿರ ಹೋದಳು.

ಬಾಟಲಿಯಲ್ಲಿ ನೀರು ತುಂಬಿ ಜಾಡಿಗೆ ಸುರಿದಳು. ಒಂದು. ಎರಡು. ಊಟ ಬಿಟ್ಟು ಹೆಂಗಸರು ಒಬ್ಬೊಬ್ಬರಾಗಿ ಸುತ್ತ ನಿಂತರು. ಮೂರು. ನಾಲ್ಕು. ಐದನೆಯದನ್ನು ಅರ್ಧ ಸುರಿಯುವಷ್ಟರಲ್ಲಿ ಜಾಡಿ ಕತ್ತಿನವರೆಗೆ ತುಂಬಿ ತುಳುಕಿತು.

"ನಾಲ್ಕೂವರೆ" ಅಂದಳು ಉದ್ದಕ್ಕ. "ಏನಾಯ್ತೀಗ?"

"ನಾಲ್ಕೂವರೆ ಬಾಟಲಿ ನೀರಿಗೆ ಎರಡು ಔನ್ಸ್ ಹಾಕಿ ಅಂತ ಕ್ಯಾನಲ್ಲಿ ಬರ್ದಿದೆ ಉದ್ದಕ್ಕಾ. ಅವನು ಒಂದು ಬಾಟಲಿ ನೀರಿಗೇ ಎರಡು ಔನ್ಸ್ ಹಾಕಿಸಿದ. ಔನ್ಸನ್ನ ಮಿಲಿ ಮಾಡಿದ. ಗ್ಯಾಲನ್ನನ್ನ ಲೀಟರ್ ಮಾಡಲೇ ಇಲ್ಲ. ಅರ್ಧ ಲೆಕ್ಕ ಮಾಡಿ, ಆ ಅರ್ಧಕ್ಕೇ ಬೀಗಿಬಿಟ್ಟ."

ಐದನೇ ತೊಟ್ಟಿಯ ಹುಡುಗಿ ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಂದ್ರೆ ನಿಮ್ಮಕ್ಕ..."

"ಅಕ್ಕ ಹೇಳಿದ್ದಷ್ಟೇ ಹಾಕಿದ್ಲು."

ಅಷ್ಟರಲ್ಲಿ ವಾಚ್‌ಮನ್ ಬಂದ. "ಎರಡನೇ ತೊಟ್ಟಿ, ಆಫೀಸಿಗೆ."

*

ಆಫೀಸಿನಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಸೂಪರ್‌ವೈಸರ್ ಕೂತುಕೋ ಅನ್ನಲಿಲ್ಲ. ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ಮೇಲೆ ಅವಳ ಕಡೆ ಜಾರಿಸಿದ.

"ನಾಳೆ ಹತ್ತು ಗಂಟೆಗೆ ತನಿಖೆಯವರು ಬರ್ತಾರೆ. ಸುಮ್ನೆ ಒಂದು ಫಾರ್ಮಾಲಿಟಿ. ಸಾಕ್ಷಿ ಅಂತ ನಿಂದೊಂದು ಸಹಿ ಬೇಕು. ನಿಂಗೆ ಸಹಿ ಬರುತ್ತಲ್ಲ?"

"ಬರುತ್ತೆ ಸಾರ್."

"ನೋಡು, ನಿಮ್ಮಕ್ಕನ ಕಲಸೋ ಕೆಲಸ ಇನ್ಮೇಲೆ ನಿಂದೇ. ಓದಿದೋಳು, ಮೇಲೆ ಬರಬೇಕು ನೀನು. ಇಲ್ಲಿ ಹಾಕು."

ತಂಗಿ ಹಾಳೆ ಎತ್ತಿಕೊಂಡಳು. ಓದತೊಡಗಿದಳು.

"ಓದೋದೇನಿದೆ ಅದರಲ್ಲಿ?"

ಅವಳು ಓದುತ್ತಲೇ ಇದ್ದಳು. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತ. 'ನಾನು ಪಕ್ಕದಲ್ಲಿಯೇ ಇದ್ದೆನು. ನನ್ನ ಅಕ್ಕನು ಮೇಲ್ವಿಚಾರಕರ ಸೂಚನೆಯನ್ನು ಲೆಕ್ಕಿಸದೆ ಅಳತೆ ಮೀರಿ ರಾಸಾಯನಿಕವನ್ನು ಸುರಿದುದನ್ನು ಕಣ್ಣಾರೆ ಕಂಡೆನು.' ಕಣ್ಣಾರೆ ಅನ್ನುವಲ್ಲಿ ಅವಳು ನಿಂತಳು. ಮುಂದೆ ಹೋಗಲು ಆಗಲಿಲ್ಲ.

"ಅಳತೆ ಎಷ್ಟಿತ್ತು ಸಾರ್?"

"ಏನು?"

"ಅಳತೆ ಮೀರಿ ಅಂತ ಬರ್ದಿದೀರಲ್ಲ. ಅಳತೆ ಎಷ್ಟು?"

"ಮೂರೂವರೆ ಮಗ್. ನಿನ್ನೆದುರಿಗೇ ಫೋನಲ್ಲಿ ತೋರಿಸಿದ್ದೀನಿ. ಎರಡು ಔನ್ಸ್ ಅಂದ್ರೆ ಐವತ್ತೇಳು ಮಿಲಿ. ಬೇಕಾದ್ರೆ ಈಗ್ಲೂ ತೋರಿಸ್ತೀನಿ."

"ಅದು ಸರಿ ಸಾರ್. ಗ್ಯಾಲನ್ನು?"

ಸೂಪರ್‌ವೈಸರ್ ಫೋನು ಹಿಡಿದ ಕೈ ಹಾಗೇ ಇಟ್ಟುಕೊಂಡ.

"ಗ್ಯಾಲನ್ನನ್ನ ಫೋನಿಗೆ ಕೇಳಿದ್ರಾ ಸಾರ್? ನಾವು ಕೇಳಿದ್ವಿ, ಜಾಡೀನ. ನಾಲ್ಕೂವರೆ ಲೀಟರ್ ಅಂತು."

"ಏಯ್, ಗ್ಯಾಲನ್ನಲ್ಲಿ ಎರಡು ಥರ ಇದೆ. ದೊಡ್ಡದಿದೆ, ಚಿಕ್ಕದಿದೆ. ಬಾಟಲಿ ತೊಳೆಯೋಳು ನೀನು, ನಿಂಗೇನು ಗೊತ್ತು?"

"ಚಿಕ್ಕದಾದ್ರೂ ಲೀಟರಿಗಿಂತ ದೊಡ್ಡದೇ ಅಲ್ವಾ ಸಾರ್?"

ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಮಾರನೇ ದಿನ ಬಂದು ಗೋಡೆ ಮೇಲೆ ಹನ್ನೆರಡು ಅಂತ ತಿದ್ದಿದ್ರಿ. ಅವತ್ತೇ ಗೊತ್ತಾಯ್ತು ನಿಮಗೆ. ಗೊತ್ತಿದ್ದೂ ಹಣ್ಣು ತಗೊಂಡು ಹೋದ್ರಿ. ಏನೂ ಕಾಣದೋಳ ಬೆರಳು ಹಿಡಿದು ಒತ್ತಿಸ್ಕೊಂಡ್ರಿ."

ಅವನ ದನಿ ಇಳಿಯಿತು. ಮೊದಲ ಸಲ ಅವಳನ್ನು ತೊಟ್ಟಿ ಅನ್ನಲಿಲ್ಲ. "ನೋಡಮ್ಮ, ಇದು ಮೇಲಿನವರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ನಂಗೂ ಮಕ್ಕಳಿದಾವೆ."

"ನಮ್ಮಕ್ಕಂಗೆ ಕಣ್ಣಿತ್ತು ಸಾರ್."

ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲಿನ ಹಾಳೆ ಒಂದು ತುದಿ ಏಳುತ್ತಿತ್ತು, ಬೀಳುತ್ತಿತ್ತು. ಹತ್ತು ವರ್ಷದಿಂದ 'ಹ್ಞೂಂ ಸಾರ್' ಅಂದ ಬಾಯಿ ತಂಗಿಯದು. ಇನ್ನೊಂದು ಶಬ್ದ ಅದರಲ್ಲಿ ಇದೆಯೋ ಇಲ್ಲವೋ ಅವಳಿಗೇ ಖಾತ್ರಿ ಇರಲಿಲ್ಲ.

"ಹಾಕಲ್ಲ" ಅಂದಳು.

"ಏನಂದೆ?"

"ಸಹಿ ಹಾಕಲ್ಲ."

ಸೂಪರ್‌ವೈಸರ್ ಎದ್ದು ನಿಂತ. ಮೆತ್ತಗಿದ್ದ ದನಿ ಎಲ್ಲಿ ಹೋಯಿತೋ. "ಹಾಕಬೇಡ. ನಿನ್ನ ಸಹಿ ಯಾವನಿಗೆ ಬೇಕು? ನಿಮ್ಮಕ್ಕನ ಹೆಬ್ಬೆಟ್ಟು ನನ್ನ ಡ್ರಾಯರಲ್ಲಿದೆ. ಅವಳೇ ಒಪ್ಕೊಂಡಿದಾಳೆ, ನಿಂದೇನು ನಡುವೆ? ನಿನ್ನ ಜಾಡಿ, ಬಾಟಲಿ ನೋಡಿ ತನಿಖೆಯವರು ಚಪ್ಪಾಳೆ ತಟ್ತಾರೆ ಅಂದ್ಕೊಂಡ್ಯಾ? ಹೋಗು. ನಾಳೆಯಿಂದ ಗೇಟಿನ ಹತ್ರ ಕಾಣಿಸ್ಕೋಬೇಡ."

ಅವನು ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು. ಹೆಬ್ಬೆಟ್ಟು ಅಕ್ಕನದು. ಇಲ್ಲ ಅನ್ನಬೇಕಾದವಳೂ ಅಕ್ಕನೇ. ಆದರೆ ಅಕ್ಕನೇ ತನ್ನನ್ನು ನಂಬುತ್ತಿಲ್ಲ.

ತಂಗಿ ಶೆಡ್ಡಿಗೆ ಬಂದು ಚೀಲಕ್ಕೆ ಲೀಟರ್ ಬಾಟಲಿ ಹಾಕಿಕೊಂಡಳು. ಜಾಡಿ ಹಿಡಿಸಲಿಲ್ಲ.

"ಗೇಟಲ್ಲಿ ಹಿಡೀತಾರೆ ಕಣೇ" ಅಂದಳು ಉದ್ದಕ್ಕ. ಒಂದು ಗಳಿಗೆ ಯೋಚಿಸಿ ಜಾಡಿಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಮೇಲೆ ಶಾಲು ಸುತ್ತಿದಳು. "ಐವತ್ತು ದಾಟಿದ ಮೇಲೆ ಬಸುರಿ ಆದೆ ಅಂತ ವಾಚ್‌ಮನ್ನಿಗೆ ಹೇಳ್ತೀನಿ. ಅವನಿಗೆ ನಮ್ಮ ಮುಖವೇ ಇದುವರೆಗೆ ಕಂಡಿಲ್ಲ, ಹೊಟ್ಟೆ ಎಲ್ಲಿ ಕಾಣುತ್ತೆ?"

ಹಿಂದಿನ ಗೇಟು ದಾಟಿದ ಮೇಲೆ ಜಾಡಿ ಕೈಗಿಟ್ಟಳು. ನಗುತ್ತಿದ್ದವಳ ಮುಖ ಸಪ್ಪಗಾಯಿತು. "ನಾಳೆ ನಾನು ಬಾಯಿ ಬಿಡ್ತೀನಿ ಅಂತ ಮಾತ್ರ ನಂಬ್ಕೋಬೇಡ. ಮನೇಲಿ ಹಾಸಿಗೆ ಹಿಡಿದ ಗಂಡ ಇದಾನೆ. ನಂಗೆ ಭಯ ಕಣೇ." ತಂಗಿ ಅವಳ ಕೈ ಒಮ್ಮೆ ಒತ್ತಿ ಹೊರಟಳು.

*

ವಾರ್ಡಿನ ಆಯಾ ಬಾಗಿಲಲ್ಲೇ ತಡೆದಳು. "ಏನಮ್ಮ ಇದು, ಆಸ್ಪತ್ರೆಗೆ ಜಾಡಿ ಹೊತ್ಕೊಂಡು ಬಂದಿದೀಯ?" ತಂಗಿ ಏನು ಹೇಳಬೇಕೋ ತಿಳಿಯದೆ, "ಅಕ್ಕಂಗೆ ತೋರಿಸೋಕೆ" ಅಂದುಬಿಟ್ಟಳು. ಆಯಾ ಅವಳನ್ನೊಮ್ಮೆ, ಪಟ್ಟಿ ಕಟ್ಟಿಕೊಂಡು ಕೂತ ಅಕ್ಕನನ್ನೊಮ್ಮೆ ನೋಡಿ ದಾರಿ ಬಿಟ್ಟಳು. ಕೇಳದೆಯೇ ಬಕೆಟ್ಟಿನಲ್ಲಿ ನೀರೂ ತಂದಿಟ್ಟಳು.

"ಅಕ್ಕಾ, ಕೈ ಚಾಚು. ಇದೇನು ಹೇಳು?"

ಅಕ್ಕನ ಬೆರಳುಗಳ ಮೇಲೆ ಹೊಸ ಚರ್ಮ ಈಗಷ್ಟೇ ಗುಲಾಬಿ ಬಣ್ಣದಲ್ಲಿ ಕೂಡುತ್ತಿತ್ತು. ಆ ಬೆರಳು ಗಾಜಿನ ಮೇಲೆ ಓಡಿದವು. ತುಟಿಯಂಚಲ್ಲಿ ಒಂಬತ್ತು ದಿನದಿಂದ ಕಾಣದಿದ್ದ ನಗು ಸುಳಿಯಿತು.

"ಲೀಟರಿಂದು. ಎಣ್ಣೆ ಬಾಟಲಿ. ಕತ್ತಿನ ಹತ್ರ ಜಿಡ್ಡು ಬಿಟ್ಟಿದೀರಿ, ಯಾರು ತೊಳೆದಿದ್ದು ಇದನ್ನ?"

"ಇದು?"

"ಹಿಡಿಕೆ ಜಾಡಿ. ಇದನ್ಯಾಕೆ ತಂದೆ? ಹುಚ್ಚಿ."

"ಬಾಟಲೀಲಿ ನೀರು ತುಂಬಿ ಜಾಡಿಗೆ ಸುರಿ. ನೀನೇ ಎಣಿಸು. ಯಾಕೆ ಅಂತ ಆಮೇಲೆ ಹೇಳ್ತೀನಿ."

ಅಕ್ಕ ಬಕೆಟ್ಟಿನಲ್ಲಿ ಬಾಟಲಿ ಮುಳುಗಿಸಿದಳು. ಗುಳುಗುಳು ನಿಲ್ಲುವವರೆಗೆ ಕಾದಳು. ಎಡಗೈಯಲ್ಲಿ ಜಾಡಿಯ ಬಾಯಿ ಹುಡುಕಿ, ಬಾಟಲಿಯ ಕತ್ತು ಅದಕ್ಕೆ ತಾಗಿಸಿ ಬಗ್ಗಿಸಿದಳು. ಒಂದು ಹನಿ ಆಚೆ ಬೀಳಲಿಲ್ಲ. ಹದಿನಾಲ್ಕು ವರ್ಷದ ಕೈ.

"ಒಂದು" ಅಂದಳು. "ಎರಡು. ಮೂರು." ಪಕ್ಕದ ಮಂಚದ ಮುದುಕಿ ಎದ್ದು ಕೂತಳು. "ನಾಲ್ಕು." ಐದನೆಯದರ ಅರ್ಧಕ್ಕೆ ನೀರು ಉಕ್ಕಿ ಅವಳ ಮಂಡಿ ಮೇಲೆ ಹರಿಯಿತು. "ನಾಲ್ಕೂವರೆ."

"ಇದು ಗ್ಯಾಲನ್ನು. ಕ್ಯಾನಲ್ಲಿ ಬರ್ದಿದ್ದು ಈ ಜಾಡಿ ನೀರಿಗೆ ಎರಡು ಔನ್ಸ್ ಅಂತ. ಅವನು ಹಾಕಿಸಿದ್ದು ಆ ಒಂದು ಬಾಟಲಿ ನೀರಿಗೆ ಎರಡು ಔನ್ಸ್. ಮುಕ್ಕಾಲು ಮಗ್ ಸಾಕಿತ್ತಕ್ಕ. ಅವನು ಮೂರೂವರೆ ಅಂದ. ನೀನು ಮೂರೂವರೆ ಹಾಕಿದೆ."

ಅಕ್ಕ ಜಾಡಿಯನ್ನು ಬಕೆಟ್ಟಿಗೆ ಬಗ್ಗಿಸಿ ಖಾಲಿ ಮಾಡಿದಳು. ಮತ್ತೆ ತುಂಬಿದಳು. ನಾಲ್ಕೂವರೆ. ಮತ್ತೆ ಖಾಲಿ ಮಾಡಿದಳು. ಮತ್ತೆ ನಾಲ್ಕೂವರೆ. ಮೂರನೇ ಸಲಕ್ಕೆ ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ನೆಲವೆಲ್ಲ ನೀರು. ಆಯಾ ಬೈಯಲಿಲ್ಲ.

"ನನ್ನ ಎಣಿಕೆ ತಪ್ಪಿರಲಿಲ್ವಾ?"

"ಇಲ್ಲ."

"ಅಷ್ಟು ದಿನಾನೂ, ಆರು ತೊಟ್ಟೀಲೂ?"

"ತಪ್ಪಿದ್ರೆ ಒಂದು ತೊಟ್ಟೀಲಿ ಕೈ ಉರಿದು ಇನ್ನೊಂದ್ರಲ್ಲಿ ಉರೀತಿರಲಿಲ್ಲ ಅಕ್ಕಾ. ಎಲ್ಲರ ಕೈನೂ ಒಂದೇ ಸಮ ಉರೀತು. ನೀನು ಸರಿಯಾಗಿ ಎಣಿಸಿದ್ದೆ."

ಈಗ ಹಗುರಾಗುತ್ತಾಳೆ ಅಂದುಕೊಂಡಿದ್ದಳು ತಂಗಿ. ಅಕ್ಕನ ಭುಜ ಮೆಲ್ಲಗೆ ಅದುರತೊಡಗಿತು. ಪಟ್ಟಿಯ ಕೆಳಗಿನ ಅಂಚು ಒದ್ದೆಯಾಯಿತು.

"ಒಂದ್ಸಲ ಎಣಿಕೆ ತಪ್ಪಿ ಒಂದೇ ಮಗ್ ಹಾಕಿಬಿಟ್ಟಿದ್ರೆ?" ಅಂದಳು ಕೊನೆಗೆ. "ಮರ್ತು ಹಳೇ ಲೆಕ್ಕದಲ್ಲೇ ಹಾಕಿದ್ರೆ? ನನ್ನ ಕಣ್ಣು ಉಳೀತಿತ್ತಲ್ವೇನೇ? ಬೆರಳು ಹೇಳ್ತಿತ್ತು ಕಣೇ, ಜಾಸ್ತಿ ಜಾಸ್ತಿ ಅಂತ. ನಾನು ಬೆರಳಿನ ಮಾತು ಕೇಳಲಿಲ್ಲ. ಗೋಡೆ ಮೇಲೆ ಬರ್ದಿದ್ದನ್ನ ಕೇಳಿದೆ. ಓದೋಕೂ ಬರದ ನಾನು, ಓದಿದೋರು ಬರ್ದಿದ್ದಾರೆ ಅಂತ ಕೇಳಿದೆ. ಸರಿಯಾಗಿ, ಒಂದು ತೊಟ್ಟು ಹೆಚ್ಚುಕಮ್ಮಿ ಆಗದ ಹಾಗೆ, ನನ್ನ ಕಣ್ಣಿಗೆ ನಾನೇ..."

"ಅಳಬೇಡಕ್ಕಾ. ಅಳಬಾರ್ದು ಅಂದಿದಾರೆ ಡಾಕ್ಟ್ರು." ತಂಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಹೇಳುತ್ತಿದ್ದವಳೇ ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಮಂಚದ ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ಎಷ್ಟೋ ಹೊತ್ತಿನ ಮೇಲೆ ಅಕ್ಕ ಮೂಗೊರೆಸಿಕೊಂಡಳು. "ಆ ಹಾಳೆ ಎಲ್ಲಿದೆ?"

"ಅವನ ಡ್ರಾಯರಲ್ಲಿ. ನಾಳೆ ತನಿಖೆಯವರಿಗೆ ಕೊಡ್ತಾನೆ. ನನ್ನ ಸಾಕ್ಷಿ ಸಹಿ ಕೇಳ್ದ. ಹಾಕಲ್ಲ ಅಂದೆ. ನನ್ನ ಕೆಲಸ ಹೋಯ್ತಕ್ಕಾ."

ಅಕ್ಕ ಬೈಯುತ್ತಾಳೇನೋ ಅಂತ ಕಾದಳು. ಅಕ್ಕ ಅವಳ ಕೆನ್ನೆ ಹುಡುಕಿ ಒಮ್ಮೆ ತಟ್ಟಿದಳು, ಅಷ್ಟೆ.

"ಎಷ್ಟೊತ್ತಿಗೆ ಬರ್ತಾರೆ ತನಿಖೆಯವರು?"

"ಹತ್ತಕ್ಕೆ. ಡಾಕ್ಟ್ರು ನಿನ್ನ ಹೊರಗೆ ಬಿಡ್ತಾರೋ ಇಲ್ವೋ. ನಾನೇ ಹೋಗಿ ಅವರನ್ನ ಇಲ್ಲಿಗೆ ಕರ್ಕೊಂಡು..."

"ಬೇಡ. ಅವನ ಆಫೀಸಲ್ಲೇ ಹೇಳ್ತೀನಿ, ಮುಂದಿನ ಗೇಟಿಂದ ಒಳಗೆ ಹೋಗಿ. ಅವನೆದುರಿಗೆ ಹೇಳ್ತೀನಿ. ನನ್ನ ಬೆರಳು ನಂಗೆ ವಾಪಸ್ ಬೇಕು ಅಂತೀನಿ. ಡಾಕ್ಟ್ರನ್ನ ನಾನು ಕೇಳ್ತೀನಿ. ನೀನು ಎಂಟಕ್ಕೇ ಬಾ. ನನಗೆ ದಾರಿ ಹೊಸದು, ನಿಧಾನ ಆಗುತ್ತೆ."

"ಎಂಟಕ್ಕೆ ಬರ್ತೀನಿ."

"ನಿದ್ದೆ ಮಾಡ್ತಿದ್ರೆ ಮುಟ್ಟಿ ಎಬ್ಬಿಸು" ಅಂದಳು ಅಕ್ಕ. "ಬೆಳಗಾಗಿದ್ದು ನಂಗೆ ಗೊತ್ತಾಗಲ್ಲ."